ದೊಡ್ಡತಾಯಮ್ಮ ಮದುವೆಗೆ ಹೋಗಿರಲಿಲ್ಲ

ಬಾಗೂರಿನ ದೊಡ್ಡತಾಯಮ್ಮ ಅಕ್ಷರ ಕಲಿತದ್ದು ಮೂವತ್ತೆರಡನೇ ವಯಸ್ಸಿನಲ್ಲಿ. ಅದು ತೊಂಬತ್ತೆರಡನೇ ಇಸವಿ. ಊರೂರಲ್ಲೂ ಸಾಕ್ಷರತಾ ಆಂದೋಲನದ ಗೋಡೆಬರಹ, ಸಂಜೆಯಾದರೆ ಶಾಲೆಯ ಜಗಲಿಯಲ್ಲಿ ಹೆಂಗಸರ ಸಾಲು. ಗಂಡ ಹಾವು ಕಚ್ಚಿ ಸತ್ತ ಮೇಲೆ ಆಕೆ ಅಣ್ಣ ಕೃಷ್ಣಪ್ಪನ ಮನೆ ಸೇರಿ ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹಗಲೆಲ್ಲ ಹೊಲ, ಕೊಟ್ಟಿಗೆ, ಅತ್ತಿಗೆಯ ಬಾಣಂತನ. ಸಂಜೆ ಒಂದು ಗಂಟೆ ಮಾತ್ರ ಅವಳದು. ಆ ಒಂದು ಗಂಟೆಯನ್ನು ಅವಳಿಗೆ ಕೊಟ್ಟವರು ಹೈಸ್ಕೂಲಿನ ಹೆಡ್ಮಾಸ್ಟರ್ ಚಲುವನಾರಾಯಣ.

"ನಿನ್ನ ಹೆಸರಿನಲ್ಲೇ ಎರಡು ಒತ್ತಕ್ಷರ ಇದೆ ನೋಡು, ದೊಡ್ಡತಾಯಮ್ಮ. ಅವೆರಡನ್ನೂ ಗೆದ್ದುಬಿಟ್ಟರೆ ಮಿಕ್ಕಿದ್ದೆಲ್ಲ ಸಲೀಸು" ಎಂದಿದ್ದರು ಮೇಷ್ಟ್ರು. ಅವಳು ಹದಿನೈದು ದಿನದಲ್ಲಿ ಗೆದ್ದಳು. ಮೂರು ತಿಂಗಳಲ್ಲಿ ಬಸ್ಸಿನ ಬೋರ್ಡು ಓದಿದಳು. ವರ್ಷ ತುಂಬುವುದರೊಳಗೆ ಅಂಗಡಿಯಿಂದ ಬೆಲ್ಲ ಕಟ್ಟಿಕೊಂಡು ಬಂದ ಕಾಗದವನ್ನೂ ಬಿಡಿಸಿ ಓದುವ ಚಟ ಹತ್ತಿತು. ಅಣ್ಣ ನಗುತ್ತಿದ್ದ. ಅವಳಿಗೆ ಮಾತ್ರ, ಊರಿಗೆ ದೇವರು ಯಾರೇ ಇರಲಿ, ತನ್ನ ಪಾಲಿಗೆ ಬೆಳಕು ತಂದವರು ಮೇಷ್ಟ್ರು ಎಂಬುದು ಮನಸ್ಸಿನಲ್ಲಿ ಕೂತುಬಿಟ್ಟಿತು.

ಮೇಷ್ಟ್ರು ನಿವೃತ್ತರಾಗಿ ತಮ್ಮೂರು ಹೊಳೆನರಸೀಪುರಕ್ಕೆ ಹೋದರು. ತೊಂಬತ್ತೆಂಟರಲ್ಲಿ ಪಟ್ಟಣದ ಹೊರಗೆ, ಯಾರೋ ಪುಣ್ಯಾತ್ಮರು ಟ್ರಸ್ಟಿಗೆ ಬಿಟ್ಟುಕೊಟ್ಟ ಹಳೆಯ ಹೆಂಚಿನ ಕಟ್ಟಡದಲ್ಲಿ ವೃದ್ಧಾಶ್ರಮ ತೆರೆದರು. ಅದಕ್ಕೊಂದು ಉದ್ದನೆಯ ಸಂಸ್ಕೃತದ ಹೆಸರಿತ್ತು. ಜನ ಅದನ್ನು ಕರೆಯುತ್ತಿದ್ದದ್ದು ಬೇವಿನಮರದ ಆಶ್ರಮ ಎಂದು. ನೋಡಿಕೊಳ್ಳಲು ನಂಬಿಕಸ್ಥ ಹೆಂಗಸು ಬೇಕಾಗಿ, ಮೇಷ್ಟ್ರು ತಾವೇ ಬಾಗೂರಿಗೆ ಬಂದು ಕರೆದರು.

"ಮಂದಿ ಮನೆ ಮುದುಕರ ಉಚ್ಚೆ ಬಾಚಾಕೆ ನನ್ ತಂಗೀನ ಕಳಿಸ್ಬೇಕಾ?" ಎಂದು ಕೃಷ್ಣಪ್ಪ ಮುಖ ಗಂಟುಹಾಕಿಕೊಂಡ.

"ನಿನ್ ಮಕ್ಳುದ್ದ ಬಾಚ್ಲಿಲ್ವಾ ನಾನು? ಇದೂ ಅಂಗೇಯ" ಎಂದು ದೊಡ್ಡತಾಯಮ್ಮ ಬಟ್ಟೆಗಂಟು ಕಟ್ಟಿದಳು.

ಹನ್ನೊಂದು ವರ್ಷ ಅಲ್ಲಿದ್ದಳು. ಆಶ್ರಮದಲ್ಲಿ ಯಾವಾಗಲೂ ಹತ್ತು ಹನ್ನೆರಡು ಜನ. ಕೆಲವರಿಗೆ ಮಕ್ಕಳಿಲ್ಲ, ಕೆಲವರಿಗೆ ಇದ್ದೂ ಹೊಂದಿಕೆಯಿಲ್ಲ. ಯಾರಿಗೆ ಅನ್ನ ಮೆತ್ತಗಿರಬೇಕು, ಯಾರು ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಕಿಟಕಿಯಾಚೆ ಉಗಿಯುತ್ತಾರೆ, ಎಲ್ಲ ಅವಳಿಗೆ ಗೊತ್ತು. ಜ್ವರ ತಿಳಿಯಲು ಹಣೆ ಮುಟ್ಟುತ್ತಲೇ ಇರಲಿಲ್ಲ. ಬೆಳಗಿನ ಕಾಫಿ ಕೊಟ್ಟಾಗ ಲೋಟವನ್ನು ಎರಡು ಕೈಯಲ್ಲೂ ಅಪ್ಪಿ ಹಿಡಿದು ಸುಮ್ಮನೆ ಕೂತವರು ಯಾರು ಎಂದು ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವರಿಗೇ ಮೈ ಕಾಯುತ್ತಿತ್ತು.

ಅವರಲ್ಲಿ ಇಬ್ಬರು ಅವಳಿಗೆ ಹತ್ತಿರದವರು. ಒಬ್ಬರು ಚನ್ನರಾಯಪಟ್ಟಣದ ಕನಕಲಕ್ಷ್ಮಿ. ಹೊಲಿಗೆ ಶಾಲೆಯಲ್ಲಿ ಟೀಚರಾಗಿದ್ದವರು, ಮದುವೆಯಾದವರಲ್ಲ. ಬಂದ ಹೊಸದರಲ್ಲಿ ಮಡಿ ಎಂದು ದೊಡ್ಡತಾಯಮ್ಮನ ಕೈಯಿಂದ ನೀರನ್ನೂ ಮುಟ್ಟುತ್ತಿರಲಿಲ್ಲ. ಸೊಂಟದ ಮೂಳೆ ಮುರಿದು ನಾಲ್ಕು ತಿಂಗಳು ಮಲಗಿದ ಮೇಲೆ ಅವಳ ಕೈಯಿಂದಲ್ಲದೆ ಬೇರೆ ಯಾರಿಂದಲೂ ತಿನ್ನದ ಹಾಗಾದರು. ಇನ್ನೊಬ್ಬ ಗೊರೂರಿನ ಕೆಂಚಯ್ಯ. ನೀರಾವರಿ ಇಲಾಖೆಯಲ್ಲಿ ನೀರುಗಂಟಿಯಾಗಿದ್ದವನು. ನಾಲೆಯ ತೂಬು ಎತ್ತಿ ಇಳಿಸಿ ಕೈಗಳೆಲ್ಲ ಗಂಟುಗಂಟು. ಹಳೆಯ ದಮ್ಮು, ಜೊತೆಗೆ ಕಿವಿ ಮಂದ. ಅರಕಲಗೂಡಿನಲ್ಲಿ ಚೆನ್ನಯ್ಯ ಎಂಬ ತಂಗಿಯ ಮಗನೊಬ್ಬನಿದ್ದ, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ.

ಎರಡು ಸಾವಿರದ ಒಂಬತ್ತರ ಶ್ರಾವಣದಲ್ಲಿ ಹಂದಿಜ್ವರದ ಸುದ್ದಿ ಬಂತು. ಟೀವಿಯಲ್ಲಿ ದಿನವೂ ಪುಣೆ, ಪುಣೆ. ಆಮೇಲೆ ಬೆಂಗಳೂರು. ಹೊಳೆನರಸೀಪುರದ ಔಷಧದಂಗಡಿಗಳಲ್ಲಿ ಮೂಗಿಗೆ ಕಟ್ಟುವ ಬಟ್ಟೆ ಒಂದೇ ದಿನಕ್ಕೆ ಖಾಲಿ. ಜನ ಕರ್ಚೀಫಿನಲ್ಲಿ ಕರ್ಪೂರ, ನೀಲಗಿರಿ ಎಣ್ಣೆ ಇಟ್ಟುಕೊಂಡು ಮೂಸುತ್ತಾ ಓಡಾಡತೊಡಗಿದರು. ಚಲುವನಾರಾಯಣ ಪುಣೆಯ ಮಗಳ ಮನೆಯಲ್ಲಿ ಮೊಮ್ಮಗುವಿನ ನಾಮಕರಣಕ್ಕೆ ಹೊರಟಿದ್ದರು. ಹೊರಡುವ ಮುಂಚೆ ಆಶ್ರಮಕ್ಕೆ ಬಂದು ಗೇಟಿನ ಬೀಗದ ಕೈಯನ್ನು ದೊಡ್ಡತಾಯಮ್ಮನಿಗೆ ಕೊಟ್ಟರು.

"ಹೊರಗಿನವರು ಒಳಗೆ ಬರಕೂಡದು, ಒಳಗಿನವರು ಹೊರಗೆ ಹೋಗಕೂಡದು. ಇವರೆಲ್ಲ ಒಣಗಿದ ಎಲೆ ಇದ್ದ ಹಾಗೆ, ತಾಯಮ್ಮ. ಒಂದು ಕಿಡಿ ಬಿದ್ದರೂ ಸಾಕು."

"ಆಯ್ತು ಸಾ. ನೊಣಾನೂ ಬುಡಾಕಿಲ್ಲ."

ಬಿಡಲೂ ಇಲ್ಲ. ಹಾಲಿನವನು ಕ್ಯಾನನ್ನು ಗೇಟಿನ ಹೊರಗಿಟ್ಟು ಕೂಗಿ ಹೋಗುತ್ತಿದ್ದ. ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಫೋನಿನಲ್ಲೇ ವಿಚಾರಿಸತೊಡಗಿದರು. ಬಟ್ಟೆ ಒಗೆಯುವವಳು ಬರುವುದನ್ನೇ ಬಿಟ್ಟಳು. ಅಡಿಗೆಯ ಜಯಲಕ್ಷ್ಮಮ್ಮ ಒಂದು ಬೆಳಿಗ್ಗೆ ಕೈ ಮುಗಿದು, "ನಂಗೆ ಮೊಮ್ಮಕ್ಳವೆ ಕಣಕ್ಕ, ತಪ್ಪು ತಿಳ್ಕಬ್ಯಾಡ" ಎಂದು ಹೊರಟೇಹೋದಳು. ಹನ್ನೆರಡು ಜನಕ್ಕೆ ಅಡಿಗೆ, ಹನ್ನೆರಡು ಜನದ ಬಟ್ಟೆ, ಹಾಸಿಗೆ ಹಿಡಿದ ಇಬ್ಬರ ಮೈ ಒರೆಸುವುದು, ಎಲ್ಲವೂ ನಲವತ್ತೊಂಬತ್ತು ವರ್ಷದ ಒಬ್ಬ ಹೆಂಗಸಿನ ಮೇಲೆ ಬಿತ್ತು.

ಆಗಸ್ಟ್ ಒಂಬತ್ತನೇ ತಾರೀಕು ಬಾಗೂರಿನಲ್ಲಿ ಕೃಷ್ಣಪ್ಪನ ಕಿರಿಯ ಮಗನ ಮದುವೆ. ಆ ಹುಡುಗನನ್ನು ಎತ್ತಿ ಆಡಿಸಿದವಳು ಅವಳೇ. ಕೃಷ್ಣಪ್ಪ ಎರಡು ದಿನ ಮುಂಚೆ ಕರೆಯಲು ಬಂದು ಗೇಟಿನಾಚೆ ನಿಂತ.

"ಅತ್ತೆ ಇಲ್ದೆ ಚಪ್ಪರ ಆಯ್ತದಾ? ಒಂದಿನದ ಮಟ್ಟಿಗೆ ಬಾ."

"ಇವ್ರುನ್ನ ಯಾರ ಕೈಲಿ ಬುಟ್ ಬರ್ಲಣ್ಣ? ಓಗಿ ಬಂದು ಇವ್ರಿಗೇನಾರ ಅಂಟಿಸ್ಬುಟ್ರೆ?"

"ಅಂಗಾರೆ ಇವ್ರೇ ನಿನ್ ಬಳಗ ಅನ್ನು!" ಎಂದು ಕೃಷ್ಣಪ್ಪ ಲಗ್ನಪತ್ರಿಕೆಯನ್ನು ಕಾಂಪೌಂಡಿನ ಮೇಲಿಟ್ಟು, ತಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಮದುವೆಯ ದಿನ ಧಾರೆಯ ಹೊತ್ತಿಗೆ ಅವಳು ಹಿತ್ತಲಲ್ಲಿ ರಗ್ಗು ಒಗೆಯುತ್ತಿದ್ದಳು. ಕನಕಲಕ್ಷ್ಮಿ ಕಿಟಕಿಯಿಂದ ನೋಡಿ, "ಅಳಬೇಡ ಕಣೆ, ನಮಗೋಸ್ಕರ ನೀನು ಮಾಡಿದ್ದನ್ನ ಸಾಯೋವರೆಗೂ ಮರೆಯೋದಿಲ್ಲ" ಎಂದರು.

ಹದಿನೈದನೇ ತಾರೀಕು ಶನಿವಾರ, ಸ್ವಾತಂತ್ರ್ಯ ದಿನ. ಬೆಳಿಗ್ಗೆ ಗೇಟು ಬಡಿದ ಸದ್ದು. ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಜುಬ್ಬಾದಲ್ಲಿ ಚಲುವನಾರಾಯಣ, ಕೈಯಲ್ಲಿ ಪೇಡೆಯ ಡಬ್ಬ. ಮೂರು ದಿನದ ಹಿಂದೆ ಅರಸೀಕೆರೆಯಲ್ಲಿ ರೈಲಿಳಿದು ಊರಿಗೆ ಬಂದಿದ್ದರು. ಮಾತು ಶುರುಮಾಡುವ ಮುಂಚೆಯೇ ಕೆಮ್ಮಿದರು.

"ಸಾ, ಕೆಮ್ತಾ ಇದೀರಾ. ಬಂದಿರೋದು ಬ್ಯಾರೆ ಪುಣೆಯಿಂದ..."

"ರೈಲಿನ ಧೂಳು ಕಣಮ್ಮ. ಹನ್ನೊಂದು ವರ್ಷದಿಂದ ಒಂದು ಸಲವೂ ಬಾವುಟ ಹಾರಿಸೋದು ತಪ್ಪಿಸಿಲ್ಲ. ತೆಗಿ."

ಬೀಗದ ಕೈ ಅವಳ ಸೆರಗಿನಲ್ಲಿತ್ತು. ಬೇರೆ ಯಾರೇ ಆಗಿದ್ದರೂ ತೆಗೆಯುತ್ತಿರಲಿಲ್ಲ, ಒಡಹುಟ್ಟಿದ ಅಣ್ಣನಿಗೇ ತೆಗೆದವಳಲ್ಲ. ಅಕ್ಷರ ಕೊಟ್ಟವರಿಗೆ ಬಾಗಿಲು ಮುಚ್ಚುವುದು ಹೇಗೆ ಎಂದು ಅವಳಿಗೆ ಗೊತ್ತಾಗಲಿಲ್ಲ. ತೆಗೆದಳು.

ಬಾವುಟ ಹಾರಿತು. ಮೇಷ್ಟ್ರು ಹನ್ನೆರಡು ಜನಕ್ಕೂ ತಮ್ಮ ಕೈಯಾರೆ ಪೇಡೆ ಕೊಟ್ಟರು. ಕೆಂಚಯ್ಯನಿಗೆ ಕಿವಿ ಕೇಳದೆಂದು ಅವನ ಮಂಚದ ಮೇಲೆ ಕೂತು, ಕಿವಿಗೆ ಬಾಯಿ ಇಟ್ಟು, ಮೊಮ್ಮಗುವಿನ ಸುದ್ದಿ ಹೇಳಿದರು. ನಡುನಡುವೆ ಕೆಮ್ಮು. ಮಧ್ಯಾಹ್ನ ಹೊರಡುವಾಗ ಅವರ ಕಣ್ಣು ಕೆಂಪಗಿದ್ದವು.

ಮಂಗಳವಾರ ಬೆಳಿಗ್ಗೆ ಮೂರು ಜನ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು. ಕೆಂಚಯ್ಯ ಕಾಫಿಯನ್ನೇ ಮುಟ್ಟಿರಲಿಲ್ಲ. ದೊಡ್ಡತಾಯಮ್ಮ ಮೇಷ್ಟ್ರ ಮನೆಗೆ ಫೋನು ಮಾಡಿದಳು. ಅವರ ದನಿ ಹೂತುಹೋಗಿತ್ತು. ಅವರೂ ಹಾಸಿಗೆ ಹಿಡಿದಿದ್ದರು.

"ಯಾರಿಗೂ ಹೇಳಬೇಡ ತಾಯಮ್ಮ. ಆಸ್ಪತ್ರೆಯವರಿಗೆ ಗೊತ್ತಾದರೆ ಆಶ್ರಮಕ್ಕೆ ಬೀಗ ಹಾಕಿಸ್ತಾರೆ. ಹನ್ನೆರಡು ಜನ ಬೀದಿಗೆ ಬೀಳ್ತಾರೆ, ಯೋಚನೆ ಮಾಡು. ಜ್ವರದ ಮಾತ್ರೆ ಕೊಡು, ಕಷಾಯ ಕೊಡು. ನಾನು ಎಲ್ಲ ವ್ಯವಸ್ಥೆ ಮಾಡ್ತೀನಿ."

ಅವಳು ಎರಡು ದಿನ ಕಾದಳು. ಮುಂದೆ ಅವಳಿಗೆ ಹಗಲೂ ಇರುಳೂ ಚುಚ್ಚಿದ್ದು ಆ ಎರಡು ದಿನವೇ. ಜ್ವರ ಏಳು ಜನಕ್ಕೆ ಹಬ್ಬಿತು. ಒದ್ದೆ ಬಟ್ಟೆ ಒಬ್ಬರ ಹಣೆಗೆ ಹಾಕಿ ಇನ್ನೊಬ್ಬರತ್ತ ಹೋಗುವುದರೊಳಗೆ ಮೊದಲನೆಯದು ಒಣಗಿರುತ್ತಿತ್ತು. ಕನಕಲಕ್ಷ್ಮಿ ಜ್ವರದಲ್ಲಿ ಅವಳ ಸೆರಗು ಹಿಡಿದರೆ ಬಿಡುತ್ತಿರಲಿಲ್ಲ. ವ್ಯವಸ್ಥೆ ಮಾತ್ರ ಯಾವ ಕಡೆಯಿಂದಲೂ ಬರಲಿಲ್ಲ.

ಗುರುವಾರ ಹತ್ತು ಗಂಟೆಯ ಹೊತ್ತಿಗೆ ಕೆಂಚಯ್ಯನ ತುಟಿ ನೀಲಿಗಟ್ಟಿತು. ಉಸಿರಿಗೆ ಭುಜಗಳು ಮೇಲೆದ್ದು ಬೀಳುತ್ತಿದ್ದವು. ಅವಳು ಮೇಷ್ಟ್ರನ್ನು ಕೇಳಲಿಲ್ಲ. ನೂರಾ ಎಂಟಕ್ಕೆ ಫೋನು ಮಾಡಿ, "ಹಂದಿಜ್ವರ ಇರ್ಬೋದು, ಬಾಯಿಗೆ ಬಟ್ಟೆ ಕಟ್ಕಂಡೇ ಬನ್ನಿ" ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಆಂಬುಲೆನ್ಸ್ ಬಂದಾಗ, ಜ್ವರವಿಲ್ಲದವರ ಕೈಗೆ ಉಳಿದವರನ್ನು ಒಪ್ಪಿಸಿ ತಾನೇ ಹತ್ತಿದಳು. ಹಾಸನದ ದಾರಿಯಲ್ಲಿ ಕೆಂಚಯ್ಯ ಅವಳ ಮಣಿಕಟ್ಟು ಹಿಡಿದುಕೊಂಡಿದ್ದ.

"ತೂಬು ಕಟ್ಕಂಡೈತೆ ಕಣವ್ವ" ಎಂದ ಎದೆ ಮುಟ್ಟಿಕೊಂಡು.

"ಡಾಕುಟ್ರು ಎತ್ತುತಾರೆ ಬುಡಣ್ಣ. ಮಾತಾಡ್ಬ್ಯಾಡ."

ಶನಿವಾರ, ಗೌರಿಹಬ್ಬದ ದಿನ, ಅವನು ತೀರಿಕೊಂಡ. ಬೆಂಗಳೂರಿಗೆ ಕಳಿಸಿದ್ದ ಗಂಟಲದ್ರವದ ಫಲಿತಾಂಶ ಮಾರನೆಯ ದಿನ ಬಂತು. ಹಂದಿಜ್ವರವೇ. ಆರೋಗ್ಯ ಇಲಾಖೆಯವರು ಆಶ್ರಮಕ್ಕೆ ಬಂದು ಎಲ್ಲರಿಗೂ ಮಾತ್ರೆ ಕೊಟ್ಟರು, ಬೀಗ ಹಾಕಲಿಲ್ಲ. "ಎರಡು ದಿನ ಮುಂಚೆ ಹೇಳಿದ್ದರೆ ಆ ತಾತನನ್ನೂ ಉಳಿಸಬಹುದಿತ್ತೇನೋ" ಎಂದು ಬಂದವರಲ್ಲಿ ಒಬ್ಬ ಡಾಕ್ಟರು ಹೇಳಿ ಹೋದರು. ದೊಡ್ಡತಾಯಮ್ಮ ಒಲೆಯ ಮುಂದೆ ಕೂತು ಆ ಮಾತನ್ನು ನುಂಗಿಕೊಂಡಳು. ಆಮೇಲೆ ಹನ್ನೆರಡು ದಿನ ಮಂಚದಿಂದ ಮಂಚಕ್ಕೆ ತಿರುಗಿ, ತನಗೂ ಬಂದ ಜ್ವರವನ್ನು ಯಾರಿಗೂ ಹೇಳದೆ, ಮಿಕ್ಕ ಹನ್ನೊಂದು ಜನರನ್ನೂ ಉಳಿಸಿಕೊಂಡಳು. ಮೇಷ್ಟ್ರೂ ಮನೆಯಲ್ಲಿ ಚೇತರಿಸಿಕೊಂಡರು.

ಅರಕಲಗೂಡಿನಿಂದ ಚೆನ್ನಯ್ಯ ಬಂದು ರಂಪ ಎಬ್ಬಿಸಿದ. ಮಾವ ಬದುಕಿದ್ದಾಗ ಒಂದು ಬಾಳೆಹಣ್ಣು ತಂದುಕೊಟ್ಟವನಲ್ಲ. ಈಗ "ನಮ್ ಮಾವುನ್ನ ಕೊಂದ್ಬುಟ್ರಿ" ಎಂದು ಗೇಟಿನ ಮುಂದೆ ಕೂಗಾಡಿದ. ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂತು. ಸೆಪ್ಟೆಂಬರ್ ನಡುವಿನಲ್ಲಿ ಟ್ರಸ್ಟಿನವರು ಆಶ್ರಮದ ಹಜಾರದಲ್ಲೇ ಸಭೆ ಕರೆದರು. ಟ್ರಸ್ಟಿಗಳು, ಚೆನ್ನಯ್ಯ, ಒಬ್ಬ ಪತ್ರಕರ್ತ, ಗೋಡೆಯ ಪಕ್ಕ ಬೆಂಚಿನ ಮೇಲೆ ಹಿರಿಯರು. ದೊಡ್ಡತಾಯಮ್ಮ ಎಲ್ಲರಿಗೂ ಕಾಫಿ ಕೊಟ್ಟು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಮೇಷ್ಟ್ರು ನಡೆದದ್ದನ್ನು ನಡೆದ ಹಾಗೆ ಹೇಳಿ, ಇಂಥ ಕಾಲದಲ್ಲಿ ಯಾರಿಂದಲೂ ತಪ್ಪಾಗುತ್ತದೆ, ಮನ್ನಿಸಿ ಎಂದು ಕೇಳುತ್ತಾರೆ ಎಂದು ಅವಳ ಎಣಿಕೆ.

ಚಲುವನಾರಾಯಣ ಎದ್ದು ನಿಂತರು. ಹಳೆಯ ಹೆಡ್ಮಾಸ್ಟರ ದನಿ.

"ಆಶ್ರಮದಲ್ಲಿ ಕಟ್ಟುನಿಟ್ಟಾದ ನಿಯಮ ಇತ್ತು. ಗೇಟಿಗೆ ಬೀಗ ಹಾಕಿಸಿದ್ದೆವು. ಆದರೆ ನಮ್ಮ ಕೆಲಸದವಳೊಬ್ಬಳು ಒಂಬತ್ತನೇ ತಾರೀಕು ಯಾರಿಗೂ ತಿಳಿಸದೆ ಬಾಗೂರಿಗೆ ಮದುವೆಗೆ ಹೋಗಿಬಂದಳು. ಜ್ವರ ಬಂದ ಮೇಲೂ ಎರಡು ದಿನ ಮುಚ್ಚಿಟ್ಟಳು. ನನಗೆ ಇದನ್ನು ಹೇಳೋದಕ್ಕೆ ಸಂಕಟವಾಗುತ್ತೆ."

ದೊಡ್ಡತಾಯಮ್ಮನಿಗೆ ಮೊದಲು ಅದು ತನ್ನ ವಿಷಯವೆಂದೇ ಹೊಳೆಯಲಿಲ್ಲ. ಎಲ್ಲರ ಮುಖವೂ ಅಡಿಗೆಮನೆಯ ಕಡೆ ತಿರುಗಿದಾಗ ಕೈಯಲ್ಲಿದ್ದ ಕಾಫಿ ತಟ್ಟೆಯನ್ನು ಕೆಳಗಿಟ್ಟಳು.

"ನಾನಾ? ನಾನೆಲ್ಲೋಗಿದ್ದೆ ಸಾ? ಮದ್ವೆಗೆ ನಾನು ಓಗ್ಲೇ ಇಲ್ವಲ್ಲ! ಇವ್ರುನ್ನೇ ಕೇಳಿ!"

"ಕೇಳಿದ್ದೇವೆ" ಎಂದು ಮೇಷ್ಟ್ರು ಒಂದು ಕಾಗದವನ್ನು ಮೇಜಿನ ಮೇಲಿಟ್ಟರು.

ಅವಳು ಹೋಗಿ ಅದನ್ನು ಕೈಗೆ ತೆಗೆದುಕೊಂಡಳು. ಅವಳು ಓದಬಲ್ಲಳು ಎಂಬುದು ಸಭೆಯಲ್ಲಿ ಬಹಳ ಜನಕ್ಕೆ ತಿಳಿದಿರಲಿಲ್ಲ. "ದಿನಾಂಕ ಒಂಬತ್ತರಂದು ಸದರಿ ದೊಡ್ಡತಾಯಮ್ಮ ಆಶ್ರಮದಲ್ಲಿ ಇರಲಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇವೆ." ಕೆಳಗೆ ಒಂಬತ್ತು ರುಜು, ಎರಡು ಹೆಬ್ಬೆಟ್ಟು. ಮೊದಲನೆಯದು ಸಾಲುಹೊಲಿಗೆ ಹಾಕಿದಂಥ ಅಚ್ಚುಕಟ್ಟಾದ ಅಕ್ಷರ. ಕನಕಲಕ್ಷ್ಮಿಯದು.

ದೊಡ್ಡತಾಯಮ್ಮ ಬೆಂಚಿನ ಕಡೆ ತಿರುಗಿದಳು. ಅಲ್ಲಿ ಕೂತವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

"ಕನಕಮ್ಮೋರೇ. ನಾನವತ್ತು ಇತ್ಲಲ್ಲಿ ರಗ್ಗು ಒಗೀತಿರ್ಲಿಲ್ವಾ? ನೀವೇ ಕಿಟಕೀಲಿ ನಿಂತ್ಕಂಡು ಅಳಬ್ಯಾಡ ಅನ್ಲಿಲ್ವಾ?"

ಕನಕಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಇಲ್ಲಿಂದ ಕಳಿಸಿಬಿಟ್ಟರೆ ನಾನೆಲ್ಲಿಗೆ ಹೋಗಲಿ ತಾಯಮ್ಮ?" ಎಂದರು. ಅದು ಹತ್ತಿರ ನಿಂತ ದೊಡ್ಡತಾಯಮ್ಮನಿಗಲ್ಲದೆ ಬೇರೆ ಯಾರಿಗೂ ಕೇಳಿಸಲಿಲ್ಲ.

ಅವಳು ಅಂದೇ ಸಂಜೆ ಮೇಷ್ಟ್ರ ಮನೆಗೆ ಹೋದಳು. ಎಂದೂ ಹೊಸಿಲು ದಾಟಿ ಕೂತವಳಲ್ಲ, ಅಂದು ಹಜಾರದ ಕುರ್ಚಿಯಲ್ಲಿ ಕೂತಳು.

"ಜ್ವರ ತಂದೋರು ಯಾರು ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು. ಯೋಳ್ಬ್ಯಾಡ ಅಂದೋರು ಯಾರು ಅಂತಾನೂ ಗೊತ್ತು. ಬರೋ ಕಾಯ್ಲೆ ಯಾರ ಮೂಲಕ್ವೋ ಬರ್ತದೆ, ಅದುಕ್ ನಾನು ಬೇಜಾರ್ ಮಾಡ್ಕಳಾಕಿಲ್ಲ. ನನ್ ತಲೆ ಮ್ಯಾಲೆ ಯಾಕ್ ಕಟ್ಟುದ್ರಿ ಸಾ?"

ಮೇಷ್ಟ್ರು ಎದ್ದು ಬೀದಿ ಬಾಗಿಲು ಮುಚ್ಚಿ ಬಂದರು. ಸುಳ್ಳು ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನೇ ಹೇಳಿದರು.

"ನನ್ನ ಹೆಸರು ಕೆಟ್ಟರೆ ಆಶ್ರಮ ಮುಚ್ಚಿಹೋಗುತ್ತೆ, ತಾಯಮ್ಮ. ಕೊಡೋ ಕೈಗಳೆಲ್ಲ ಹಿಂದಕ್ಕೆ ಸರಿಯುತ್ತವೆ. ನಿನ್ನ ಹೆಸರು ಕೆಟ್ಟರೆ ಏನು ಹೋಗುತ್ತೆ ಹೇಳು? ನಾಲ್ಕು ದಿನ ಆಡಿಕೊಂಡು ಮರೀತಾರೆ. ನೀನು ಇದನ್ನ ಅರ್ಥ ಮಾಡಿಕೋತೀಯ ಅಂದುಕೊಂಡಿದ್ದೆ."

"ಅರ್ತ ಆಯ್ತು ಸಾ" ಎಂದು ಅವಳು ಎದ್ದಳು. "ಹದಿನೇಳು ವರ್ಸ ಬೇಕಾಯ್ತು."

ಮಾರನೆಯ ದಿನ ಆಶ್ರಮ ಬಿಟ್ಟು ಬಾಗೂರಿಗೆ ಹೋದಾಗ ಸುದ್ದಿ ಅವಳಿಗಿಂತ ಮುಂಚೆ ತಲುಪಿತ್ತು. ಅಲ್ಲಿ ಅದನ್ನು ನಂಬುವವರೇ ಇರಲಿಲ್ಲ. ಮದುವೆಯಲ್ಲಿ ಅತ್ತೆ ಇಲ್ಲ ಎಂದು ಇಡೀ ಊರು ಆಡಿಕೊಂಡಿತ್ತು. ತಿಂಗಳಿಂದ ಮಾತು ಬಿಟ್ಟಿದ್ದ ಕೃಷ್ಣಪ್ಪ ಜಗಲಿಯಿಂದ ಇಳಿದು ಬಂದು ಅವಳ ಬಟ್ಟೆಗಂಟು ಕಿತ್ತುಕೊಂಡ.

"ನೀನು ಬರ್ಲಿಲ್ಲ ಅಂತ ನಾನು ಉರ್ಕಂಡು ಸಾಯ್ತಿವ್ನಿ, ಆ ಮೇಷ್ಟ್ರು ನೀನ್ ಬಂದಿದ್ದೆ ಅಂತಾರಾ? ನಡಿ, ಕೇಳೇ ಬುಡಾನ!"

"ಕೇಳ್ದೆ ಕಣಣ್ಣ. ಆಯ್ತು ಬುಡು."

ಆದರೆ ಕೆಂಚಯ್ಯನ ಕಡೆಯವರಿಗೆ ನಿಜ ಹೇಳದೆ ಅವಳಿಗೆ ಅನ್ನ ಸೇರಲಿಲ್ಲ. ಅಕ್ಟೋಬರಿನಲ್ಲಿ ಅರಕಲಗೂಡಿಗೆ ಹೋಗಿ ಚೆನ್ನಯ್ಯನ ಗೊಬ್ಬರದಂಗಡಿಯಲ್ಲಿ ಕೂತು ಎಲ್ಲ ಹೇಳಿದಳು. ಗೇಟು ತೆಗೆದವಳು ತಾನೇ ಎಂಬುದನ್ನೂ, ಎರಡು ದಿನ ಕಾದದ್ದನ್ನೂ ಬಿಡಲಿಲ್ಲ. ಚೆನ್ನಯ್ಯ ಕಣ್ಣೊರೆಸಿಕೊಂಡ. "ಇದ್ನೇ ಬರ್ಕೊಡಕ್ಕ. ಆ ದೊಡ್ಡಮನ್ಸನ್ ಬಣ್ಣ ಬಯಲು ಮಾಡ್ತೀನಿ." ಅವಳು ಅಲ್ಲೇ ಎರಡು ಪುಟ ಬರೆದು, ರುಜು ಹಾಕಿ ಕೊಟ್ಟಳು. ಬಸ್ಸಿನಲ್ಲಿ ವಾಪಸು ಬರುವಾಗ ಎರಡು ತಿಂಗಳಲ್ಲಿ ಮೊದಲ ಸಲ ನಿದ್ದೆ ಹತ್ತಿತು.

ನವೆಂಬರಿನಲ್ಲಿ ಕೃಷ್ಣಪ್ಪ ಪೇಪರು ತಂದು ತೋರಿಸಿದ. ಆಶ್ರಮದ ರಾಜ್ಯೋತ್ಸವದ ಫೋಟೋ. ಚಲುವನಾರಾಯಣರ ಪಕ್ಕದಲ್ಲಿ ಶಾಲು ಹೊದ್ದು ನಿಂತಿದ್ದ ಚೆನ್ನಯ್ಯ. ಕೆಳಗೆ, ಟ್ರಸ್ಟಿನ ನೂತನ ಸದಸ್ಯರು ಎಂದಿತ್ತು. ದೊಡ್ಡತಾಯಮ್ಮ ಪೂರ್ತಿ ಓದಿದಳು. ಎರಡು ಪುಟಗಳು ಎಲ್ಲಿ ಹೋದವೆಂದು ಯಾರನ್ನೂ ಕೇಳಲಿಲ್ಲ. ಆ ವಾರವೆಲ್ಲ ಅಣ್ಣನ ರಾಗಿ ಹೊಲದಲ್ಲಿ ಕಟಾವು ಮಾಡಿದಳು.

ಡಿಸೆಂಬರ್ ಕೊನೆಗೆ ಫೋನು ಬಂತು. ಮಾಡಿದವಳು ಅಡಿಗೆಯ ಜಯಲಕ್ಷ್ಮಮ್ಮ. ಜ್ವರದ ಗಲಾಟೆ ಮುಗಿದ ಮೇಲೆ ಆಶ್ರಮದ ಕೆಲಸಕ್ಕೆ ಮರಳಿದ್ದಳು. "ಕನಕಮ್ಮೋರು ಹಾಸಿಗೆ ಹಿಡ್ದವ್ರೆ ಕಣಕ್ಕ. ಐದು ದಿನ ಆಯ್ತು, ಯಾರು ಕೊಟ್ರೂ ತಿಂತಿಲ್ಲ. ನಿನ್ ಹೆಸ್ರೇ ಕರೀತವ್ರೆ."

"ಸಾಯ್ಲಿ ಬುಡು, ಓಗ್ಬ್ಯಾಡ" ಎಂದ ಕೃಷ್ಣಪ್ಪ. ದೊಡ್ಡತಾಯಮ್ಮನೂ ಹಾಗೆಯೇ ಅಂದುಕೊಂಡು ಒಂದು ದಿನ ಕಳೆದಳು. ಎರಡನೆಯ ದಿನ ಬೆಳಗಿನ ಬಸ್ಸು ಹತ್ತಿದಳು.

ಜಯಲಕ್ಷ್ಮಮ್ಮ ಹಿತ್ತಲ ಬಾಗಿಲಿಂದ ಒಳಗೆ ಬಿಟ್ಟಳು. ಹಜಾರ ದಾಟುವಾಗ ಆಫೀಸಿನ ಕೋಣೆಯಲ್ಲಿ ಚಲುವನಾರಾಯಣ ಪತ್ರ ಓದುತ್ತಿದ್ದರು. ತಲೆ ಎತ್ತಿದರು. ನಮಸ್ಕಾರ ಸಾ ಎಂಬ ಮಾತು ಹದಿನೇಳು ವರ್ಷದ ಅಭ್ಯಾಸದಿಂದ ಅವಳ ಗಂಟಲವರೆಗೂ ಬಂತು. ಅವಳು ಹೇಳಲಿಲ್ಲ. ಅವರೂ ತಡೆಯಲಿಲ್ಲ.

ಕನಕಲಕ್ಷ್ಮಿ ಮಂಚದಲ್ಲಿ ಒಂದು ಹಿಡಿಯಾಗಿದ್ದರು. ಬೆನ್ನಿನ ಮೇಲೆ ಹುಣ್ಣೇಳುವ ಹಾಗಿತ್ತು. ದೊಡ್ಡತಾಯಮ್ಮ ಬಿಸಿನೀರು ತರಿಸಿ ಮೈ ಒರೆಸಿದಳು, ಪೌಡರ್ ಹಾಕಿದಳು, ಒಗೆದ ಸೀರೆ ಉಡಿಸಿ ದಿಂಬಿಗೆ ಒರಗಿಸಿದಳು. ಮಜ್ಜಿಗೆ ಅನ್ನ ಮೆತ್ತಗೆ ಕಿವುಚಿ ತಂದಳು.

ಕನಕಲಕ್ಷ್ಮಿ ಅವಳ ಕೈ ಹಿಡಿದುಕೊಂಡು ಅತ್ತರು. "ನನ್ನನ್ನ ಕ್ಷಮಿಸಿಬಿಡು ತಾಯಮ್ಮ. ಅದೊಂದು ಮಾತು ಹೇಳಿಬಿಡು, ನೆಮ್ಮದಿಯಾಗಿ ಹೋಗ್ತೀನಿ."

ದೊಡ್ಡತಾಯಮ್ಮ ಅವರ ಕಣ್ಣೊರೆಸಿದಳು.

"ಇಲ್ಲ ಕನಕಮ್ಮೋರೇ. ಅದೊಂದು ನನ್ ಕೈಲಿ ಆಗಾಕಿಲ್ಲ" ಎಂದಳು. "ಬಾಯಿ ತೆಗೀರಿ."

ಅವರು ಬಾಯಿ ತೆಗೆದರು. ಬಟ್ಟಲು ಖಾಲಿಯಾಗುವವರೆಗೂ ತಿನ್ನಿಸಿ, ಬಾಯಿ ಒರೆಸಿ, ಎಡಕ್ಕೆ ಮಗ್ಗುಲಾಗಿಸಿ ಮಲಗಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕೆಂದು ಜಯಲಕ್ಷ್ಮಮ್ಮನಿಗೆ ಹೇಳಿ, ದೊಡ್ಡತಾಯಮ್ಮ ಬಾಗೂರಿಗೆ ಮರಳಲು ಮೂರು ಗಂಟೆಯ ಚನ್ನರಾಯಪಟ್ಟಣದ ಬಸ್ಸಿಗೆ ಹೊರಟಳು.